ಎರಡನೇ ಗೇರಿನ ಖಾಸಿಂ

ಹೋದ ವಾರ ಜೇವರ್ಗಿ ರಸ್ತೆಯಲ್ಲಿ ಅಣ್ಣನ ಮಗಳು ಶೈಲಾಳ ಹೊಸ ಹೈಬ್ರಿಡ್ ಕಾರು ಮುನಿಸಿಕೊಂಡಿತು. ಕೆಂಪು ದೀಪ ಹತ್ತಿತು. ಎಷ್ಟು ತುಳಿದರೂ ಎತ್ತಿನ ಗಾಡಿಯ ನಡಿಗೆ. ಅವಳಿಗೋ ಮೀಟಿಂಗ್ ಅವಸರ. ಪಕ್ಕದಲ್ಲಿ ನಾನು ಕೂತಿದ್ದರೂ ಸ್ಟೇರಿಂಗಿಗೇ ಗುದ್ದಿದಳು.

ಫೋನಿನಲ್ಲಿ ಸಿಕ್ಕ ಮೆಕ್ಯಾನಿಕ್ ತಣ್ಣಗಿದ್ದ. ಗೇರ್‌ಬಾಕ್ಸನ್ನು ಕಂಪ್ಯೂಟರ್ ಸದಾ ಕಾಯುತ್ತಿರುತ್ತದಂತೆ. ಬಿಸಿ ಏರಿತೇ? ಎಂಜಿನ್ ಕಡೆಯ ಸುತ್ತಿಗೂ ಚಕ್ರದ ಕಡೆಯ ಸುತ್ತಿಗೂ ತಾಳೆ ಇದೆಯೇ? ಅನುಮಾನ ಬಂದರೆ ತಾನೇ ವೇಗ ಕಟ್ಟಿಹಾಕುತ್ತದಂತೆ. ಪೂರ್ತಿ ಕೆಡಬಾರದು, ನಡುದಾರಿಯಲ್ಲಿ ನಿಲ್ಲಲೂಬಾರದು ಅಂತ.

ನನಗೆ ನಗು ಬಂತು. ಇದನ್ನು ನಾನು ಎಂಬತ್ತರ ದಶಕದಲ್ಲೇ ನೋಡಿದ್ದೇನೆ. ಆಗ ಅದರ ಹೆಸರು ಖಾಸಿಂ.

ನಾವು ಆಗ ಕರಜಗಿಯಲ್ಲಿದ್ದೆವು. ಒಂದು ಮಧ್ಯಾಹ್ನ ಅತ್ತಿಗೆಗೆ ಹೆರಿಗೆ ನೋವು ಶುರುವಾಯಿತು. ಸೂಲಗಿತ್ತಿ ತನ್ನಿಂದಾಗದು, ಅಫಜಲಪುರದ ದವಾಖಾನೆಗೆ ಒಯ್ಯಿರಿ ಎಂದಳು. ಕೈಗೆ ಸಿಕ್ಕದ್ದು ಖಾಸಿಂನ ಬಾಡಿಗೆ ಜೀಪು.

ಅರ್ಧ ದಾರಿಯಲ್ಲಿ ಗೇರ್‌ಬಾಕ್ಸ್ ಕರಕರ ಎಂದಿತು. ಖಾಸಿಂ ಜೀಪು ನಿಲ್ಲಿಸಿದ. ಎಂಜಿನ್ ಆರಿಸದೆ, ಗೇರ್ ಕೋಲಿನ ಗುಂಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ನಮ್ಮವ್ವ, ಪಾಪ, ಅವನು ದುವಾ ಮಾಡುತ್ತಿದ್ದಾನೆಂದೇ ತಿಳಿದಳು. ಕೊರಳಿನ ಲಿಂಗದ ಕರಡಿಗೆ ಹಿಡಿದು ತಾನೂ ಕಣ್ಣು ಮುಚ್ಚಿದಳು. (ನಾನೂ ಮುಚ್ಚಿದೆ. ಸುಳ್ಳೇಕೆ ಹೇಳಲಿ?)

"ದುವಾ ಅಲ್ರಿ ಅವ್ವಾರ, ಗೇರಿನ ನಾಡಿ ನೋಡಾಕತ್ತೇನಿ," ಎಂದ ಖಾಸಿಂ. "ಮೂರನೇದು ಹಲ್ಲು ಕಡ್ಯಾಕತ್ತದ. ಇನ್ನ ಎರಡನೇದ್ರಾಗೇ ಹೋಗೂನು. ತಡ ಆದ್ರೂ ಮುಟ್ಟಸ್ತೇನಿ."

"ದುವಾ, ನಾಡಿ ಎರಡೂ ಒಂದೇ ಬಿಡಪಾ," ಎಂದಳು ಅವ್ವ. ಕರಡಿಗೆ ಬಿಡಲಿಲ್ಲ.

ಅಣ್ಣ ರೇಗಿದ. ಓಡಿಸಬೇಕಾದ ಹೊತ್ತಿನಲ್ಲಿ ತೆವಳಿಸುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದ. ಖಾಸಿಂ ಎರಡನೇ ಗೇರಿನಲ್ಲೇ ಜೀಪು ಹೊರಡಿಸಿದ. ಅತ್ತಿಗೆ ನರಳಿದಾಗಲೆಲ್ಲ ಅವನ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಕೈ ಮಾತ್ರ ಗೇರ್ ಬದಲಿಸಲಿಲ್ಲ. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ತಾಯಿ, ಮಗಳು ಇಬ್ಬರೂ ಕ್ಷೇಮ. ಅಣ್ಣ ಹೊರಗೆ ಬಂದವನೇ ಖಾಸಿಂನ ಆ ಅಂಗೈ ಹಿಡಿದುಕೊಂಡು ಅತ್ತುಬಿಟ್ಟ.

ಖಾಸಿಂ ಈಗಿಲ್ಲ. ಎಣ್ಣೆ ಮೆತ್ತಿದ ಆ ಅಂಗೈ ನೆನಪಾದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಕಂಪ್ಯೂಟರ್ ಗೇರನ್ನು ಕಾಯುತ್ತದೆ, ಸರಿ. ಒಳಗೆ ನರಳುವವರ ದನಿಗೆ ಅದು ಬೆವರುತ್ತದೆಯೇ?

ಪಕ್ಕದಲ್ಲಿ ಶೈಲಾ ಇನ್ನೂ ಕಾರಿಗೆ ಬೈಯುತ್ತಲೇ ಇದ್ದಳು.

ಅಲ್ಲ, ಹುಟ್ಟುವುದಕ್ಕೇ ಎರಡನೇ ಗೇರಿನಲ್ಲಿ ಬಂದವಳಿಗೆ ಈಗ ಯಾಕಿಷ್ಟು ಅವಸರ?