ಮೊದಲು ರಾಕೆಟ್, ಆಮೇಲೆ ಸದ್ದು

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿರುವ ತಂಗಿಯ ಮನೆಯಿಂದ ಹೊರಟಾಗ ಬೆಳಗಿನ ಹತ್ತೂವರೆ. ಜೂನ್ ತಿಂಗಳಾದರೂ ಸ್ವೆಟರ್ ಬೇಕಿತ್ತು. ಆ ದಿನ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಮೂವತ್ತು ವರ್ಷ ಫಿಜಿಕ್ಸ್ ಕಲಿಸಿ ನಿವೃತ್ತನಾದ ನನಗೆ ಲಂಡನ್ನಿನಲ್ಲಿ ನೋಡಬೇಕಿದ್ದದ್ದು ಒಂದೇ: ಎರಡನೇ ಮಹಾಯುದ್ಧದಲ್ಲಿ ಜರ್ಮನರು ಈ ಊರಿನ ಮೇಲೆ ಬಿಟ್ಟ ರಾಕೆಟ್. ಡಾಕ್ಟರಾದ ತಂಗಿ ಸುಧಾ ಅದಕ್ಕಾಗಿ ರಜೆ ಹಾಕಿದ್ದಳು. ಪಕ್ಕದ ಮನೆಯ ಡಾರಿಸ್ ಎಂಬ ಹಿರಿಯ ಹೆಂಗಸೂ ಜೊತೆಗೆ ಬಂದರು. ಅದನ್ನಿಟ್ಟಿರುವ ಯುದ್ಧ ಮ್ಯೂಸಿಯಂನತ್ತ ಇಷ್ಟು ವರ್ಷ ಹೋಗಿಯೇ ಇಲ್ಲ ಎಂದರು. ಯಾಕೆಂದು ನಾನು ಕೇಳಲಿಲ್ಲ.

ಬೇಕರ್ ಸ್ಟ್ರೀಟ್‌ನಲ್ಲಿ ಟ್ಯೂಬ್ ರೈಲು ಬದಲಿಸಿ ಮ್ಯೂಸಿಯಂ ಮುಟ್ಟಲು ಸುಮಾರು ಒಂದು ಗಂಟೆ ಹಿಡಿಯಿತು. ಹೊರಗಿನ ಬೆಂಚಿನ ಮೇಲೆ ಸುಧಾ ಕಟ್ಟಿಕೊಂಡು ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆವು. ಡಾರಿಸ್ ಖಾರಕ್ಕೆ ಹೆದರಲಿಲ್ಲ.

ಒಳಗೆ ರಾಕೆಟ್ ನಾಲ್ಕಂತಸ್ತಿನ ಎತ್ತರಕ್ಕೆ ನಿಂತಿತ್ತು. ಇಂಧನ, ವೇಗ, ಹಾರುವ ದೂರ ಎಲ್ಲವೂ ನನಗೆ ಬಾಯಿಪಾಠ. ಅಷ್ಟಕ್ಕೇ ಸುಮ್ಮನಿರದೆ, ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದ ತಮಾಷೆಯನ್ನು ಇಂಗ್ಲಿಷಿನಲ್ಲಿ ಡಾರಿಸ್‌ಗೂ ಹೇಳಿದೆ. ಇದು ಸದ್ದಿಗಿಂತ ವೇಗವಾಗಿ ಬರುತ್ತದೆ. ಮೊದಲು ರಾಕೆಟ್, ಆಮೇಲೆ ಸದ್ದು. ಹಾಗಾಗಿ ಗಲಾಟೆಯಾಯಿತೆಂದು ದೂರಲು ಯಾರೂ ಉಳಿದಿರುವುದಿಲ್ಲ.

"ಆ ಸದ್ದನ್ನು ನಾನು ಕೇಳಿದ್ದೇನೆ," ಎಂದರು ಡಾರಿಸ್.

ಆಗ ಅವರಿಗೆ ಒಂಬತ್ತು ವರ್ಷ. ಸಕ್ಕರೆಗಾಗಿ ಸಾಲಿನಲ್ಲಿ ನಿಂತಿದ್ದ ತಾಯಿ, ಮರೆತುಬಂದ ರೇಷನ್ ಪುಸ್ತಕ ತರಲು ಮಗಳನ್ನು ಮನೆಗೆ ಅಟ್ಟಿದ್ದರು. ಹುಡುಗಿ ಗೇಟು ಮುಟ್ಟುವಷ್ಟರಲ್ಲಿ ಹಿಂದೆ ಅಂಗಡಿಯೂ ಇರಲಿಲ್ಲ, ಸಾಲೂ ಇರಲಿಲ್ಲ. ಆಕಾಶದ ಮೊರೆತ ಬಂದದ್ದು ಅದಾದ ಮೇಲೆ.

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸುಧಾ ನನ್ನ ತೋಳು ಹಿಡಿದಳು. "ಅಣ್ಣಾ, ಸಾಕ್ ಮಾಡು. ನೀ ಇಲ್ಲಿ ಮಾಸ್ತರ ಅಲ್ಲ."

ಮೈಯೆಲ್ಲ ಉರಿಯಿತು. ಸಕ್ಕರೆಗೆ ನಿಂತ ಹೆಂಗಸರ ಮೇಲೆ ಇದನ್ನು ಬಿಟ್ಟವರ ಮೇಲೆ ಸಿಟ್ಟು. ಇದನ್ನು ಕಟ್ಟಿದವರನ್ನು ಹಾಡಿ ಹೊಗಳಿದ ಪುಸ್ತಕಗಳ ಮೇಲೆ ಸಿಟ್ಟು. ಸುರಂಗಗಳಲ್ಲಿ ಕೈದಿಗಳನ್ನು ದುಡಿಸಿ ಸಾಯಿಸಿ ಇದನ್ನು ತಯಾರಿಸಿದರೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಬಿಟ್ಟು, ತಮಾಷೆಯನ್ನು ಮಾತ್ರ ಉಳಿಸಿಕೊಂಡಿದ್ದೆ. ಇಂಥವನನ್ನು ಒಳ್ಳೆಯ ಮಾಸ್ತರ ಎನ್ನುತ್ತಿದ್ದರು.

ವಾಪಸಾಗುವಾಗ ಟ್ಯೂಬಿನಲ್ಲಿ, ಕ್ಲಾಸಿನಲ್ಲೂ ಅದೇ ತಮಾಷೆ ಹೇಳುತ್ತಿದ್ದೆನೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆ. ಕಿಂಗ್ಸ್‌ಬರಿ ಹತ್ತಿರ ಬಂದಾಗ ಡಾರಿಸ್ ಒಂದೇ ಮಾತು ಕೇಳಿದರು.

"ಮಕ್ಕಳು ನಗುತ್ತಿದ್ದರೇ?"

"ಪ್ರತಿ ವರ್ಷ," ಎಂದೆ.