ನನ್ನ ರತ್ನಳ ಬಾಯಿನೀರು

ಗುಡಿಯ ಅಮ್ಮನನ್ನು ನಂಬಿದ ಅಕ್ಕತಂಗಿಯರಿಗೆ ಅಗ್ರಹಾರದ ಜಯಮ್ಮ ಬರೆಯುವುದು. ಬೇರೆಯವರು ಅತ್ತು ಬೇಡಿ ವರ ಪಡೆದಿರಬಹುದು. ನಾನು ಜಗಳವಾಡಿ ಪಡೆದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕನ್ನಡ ರಾಜ್ಯ ಒಂದಾದ ಮರುವರ್ಷ, ಒಂಬತ್ತು ವರ್ಷದ ನನ್ನ ಮಗಳು ರತ್ನಳ ಕತ್ತು ಊದಿಕೊಂಡಿತು. ಡಾಕ್ಟರು "ಥೈರಾಯ್ಡ್" ಎಂದರು. ಅಯೋಡಿನ್ ಹನಿಗಳನ್ನು ಎರಡು ಹೊತ್ತೂ ಹಾಲಿನಲ್ಲಿ ಕೊಡಿ ಎಂದರು. ಹದಿನೈದು ದಿನ ಆಗಿರಲಿಲ್ಲ, ಮಗುವಿನ ದವಡೆ ಬಾತು ಜೊಲ್ಲು ಸುರಿಯತೊಡಗಿತು. ರವಿಕೆ ಸದಾ ಒದ್ದೆ. ಯಾದವಗಿರಿಗೆ ಡಾಕ್ಟರ ಹತ್ತಿರ ಹೋಗುವಾಗ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು.

"ಔಷಧಿಗೂ ಜೊಲ್ಲಿಗೂ ಏನಮ್ಮ ಸಂಬಂಧ? ಬಾಯಿ ಮುಚ್ಕೊಂಡಿರೋದು ಕಲಿಸಿ," ಎಂದರು ಡಾಕ್ಟರು, ಅವಳ ಬಾಯನ್ನು ನೋಡದೆಯೇ. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅತ್ತೆಯ ಕಾಟ. ಪ್ರತಿ ಶುಕ್ರವಾರ ನಮ್ಮ ಬೀದಿಯ ಅಮ್ಮನ ಗುಡಿಗೆ ಕಾಕಡ ಹೂವಿನ ಮಾಲೆ ನಮ್ಮ ಮನೆಯದು, ಕಟ್ಟುತ್ತಿದ್ದವಳು ರತ್ನ. "ಎಂಜ್ಲು ಸುರುಸ್ಕೊಂಡು ದೇವ್ರ ಹೂ ಮುಟ್ತೀಯೇನೇ? ಏಳೇ ಆಚೆ!" ಎಂದು ಅತ್ತೆ ಬುಟ್ಟಿ ಕಿತ್ತುಕೊಂಡರು. ಮಗು ಲಂಗದಿಂದ ಬಾಯಿ ಒತ್ತಿಕೊಂಡು ಹಿತ್ತಲಿಗೆ ಹೋಯಿತು.

ಆಗಲೇ ಗುಡಿಗೆ ನಡೆದೆ. ಕೈ ಮುಗಿಯಲಿಲ್ಲ.

"ನಿನಗೂ ನನ್ನ ಮಗಳು ಎಂಜಲೇನೇ? ಮೂರು ದಿನ ನಿನ್ನ ತೀರ್ಥ ಪ್ರಸಾದ ಬಿಟ್ಟು ಬೇರೇನೂ ಅವಳ ಬಾಯಿಗೆ ಹಾಕಲ್ಲ. ಈ ಜೊಲ್ಲು ನಿಲ್ಲಿಸಿದ್ಯೋ ಸರಿ. ಇಲ್ದಿದ್ರೆ ನಿನ್ನ ಮುಖ ನೋಡಲ್ಲ ಕಣೇ!"

ವ್ರತಕ್ಕೆ ಹಾಲು ನಿಂತಿತು, ಹಾಲಿನ ಜೊತೆ ಹನಿಯೂ ನಿಂತಿತು. ನನಗದು ಹೊಳೆದಿರಲೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ದಿಂಬು ಮುಟ್ಟಿದರೆ ಒಣಗಿದೆ! ಕುಣಿದುಬಿಟ್ಟೆ. ವ್ರತ ಮುಗಿಸಿ ಮತ್ತೆ ಹಾಲಿಗೆ ಹನಿ ಹಾಕಿ ಕೊಟ್ಟೆ; ಎರಡೇ ದಿನಕ್ಕೆ ಮತ್ತೆ ಜೊಲ್ಲು. ಅಮ್ಮ ಬೆರಳಿಟ್ಟು ತೋರಿಸಿದ್ದು ಆಗ ಅರ್ಥವಾಯಿತು.

ಸೀಸೆಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದೆ. ಅವರು ದಪ್ಪ ಪುಸ್ತಕ ತಿರುವಿದರು. "ಈ ಹನಿಯಿಂದ ಕೆಲವರಿಗೆ ಹೀಗೂ ಆಗುತ್ತೆ ಕಣಮ್ಮ. ನಿಲ್ಲಿಸೋಣ, ಬೇರೆ ಕೊಡ್ತೀನಿ."

"ಮೊದಲೇ ಪುಸ್ತಕ ತೆಗೆಯೋಕೆ ಏನು ಧಾಡಿಯಾಗಿತ್ತು ಸ್ವಾಮಿ?" ಎಂದೆ.

ಜೊಲ್ಲು ನಿಂತಿತು, ಕತ್ತಿನ ಊತವೂ ತಿಂಗಳುಗಟ್ಟಲೆ ಹಿಡಿದು ಇಳಿಯಿತು. ಜೊಲ್ಲು ನಿಂತ ಮೊದಲ ಶುಕ್ರವಾರವೇ ರತ್ನ ಹೂ ಕಟ್ಟಲು ಕೂತಳು. ಮಾಲೆ ಮುಗಿಯಿತು, ಕತ್ತರಿ ಸಿಗಲಿಲ್ಲ. ದಾರವನ್ನು ಹಲ್ಲಿನಿಂದಲೇ ಕಚ್ಚಿ ಹರಿದಳು.

"ಅಯ್ಯಯ್ಯೋ, ಎಂಜ್ಲು!" ಎಂದರು ಅತ್ತೆ.

"ಬೇಡ ಅನ್ನೋದಾದ್ರೆ ಅಮ್ಮನೇ ಅನ್ನಲಿ, ನೀವು ಸುಮ್ನಿರಿ," ಎಂದು ಅದೇ ಮಾಲೆಯನ್ನು ಗುಡಿಗೆ ಒಯ್ದೆ. ಅರ್ಚಕರು ಅಮ್ಮನ ಕೊರಳಿಗೆ ಹಾಕಿ ಮಂಗಳಾರತಿ ಎತ್ತಿದರು. ನನ್ನ ಬೈಗುಳ ತಿಂದವಳು, ನನ್ನ ಮಗಳ ಎಂಜಲನ್ನೂ ತೊಟ್ಟಳು.

ಆಗ ಕೈ ಮುಗಿದೆ.