ರಂಜಾನ್ ತಿಂಗಳ ಮೆಥಿಲೀನ್ ಬ್ಲೂ

2024ರಲ್ಲಿ ನಾನು ಕೊಡಿಯಾಲ್‌ಬೈಲಿನ ಒಂದು ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ವಾಮಂಜೂರಿನ ಮನೆಯಲ್ಲಿ ಅಡುಗೆ ಮುಗಿಸಿ ಬಸ್ಸು ಹಿಡಿದರೆ ಮಧ್ಯಾಹ್ನದವರೆಗೆ ಲ್ಯಾಬ್. ಈಗ ಆ ಕೆಲಸ ಬಿಟ್ಟಿದ್ದೇನೆ, ಮನೆಯೇ ಪೂರ್ತಿ ಉದ್ಯೋಗ. ಆದರೂ ಅಫ್ರಾಳ ಪ್ರಾಜೆಕ್ಟ್ ಆಗಾಗ ನೆನಪಾಗುತ್ತದೆ.

ಅಫ್ರಾ ಎಂಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ಬೈಕಂಪಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬ್ಯಾರಿ ಮುಸ್ಲಿಂ ಮನೆತನದ ಹುಡುಗಿ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಅಣುಗಳು ಡಿಎನ್‌ಎಗೆ ಅಂಟಿಕೊಂಡಾಗ ಅದರ ಗಟ್ಟಿತನ ಎಷ್ಟು ಹೆಚ್ಚುತ್ತದೆ ಎಂದು ಅಳೆಯುವುದು ಅವಳ ವಿಷಯ. ಡಿಎನ್‌ಎ ಎಂದರೆ ತಿರುಚಿದ ಏಣಿ. ಅದರ ಮೆಟ್ಟಿಲುಗಳು ಕಾವಲಿಯಿಂದ ತೆಗೆದು ಪೇರಿಸಿದ ದೋಸೆಗಳ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಚಪ್ಪಟೆಯಾದ ಬಣ್ಣದ ಅಣು ಎರಡು ಮೆಟ್ಟಿಲುಗಳ ನಡುವೆ ಜಾರಿ ಕೂತರೆ ಏಣಿಯ ಎರಡು ಎಳೆಗಳು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಅಂದರೆ ಬಿಡಿಸಲು ಹೆಚ್ಚು ಬಿಸಿ ಬೇಕು. ಅರ್ಧದಷ್ಟು ಏಣಿ ಬಿಚ್ಚಿಕೊಳ್ಳುವ ಉಷ್ಣತೆಗೆ ಮೆಲ್ಟಿಂಗ್ ಟೆಂಪರೇಚರ್ ಎನ್ನುತ್ತೇವೆ. ದ್ರಾವಣವನ್ನು ನಿಧಾನವಾಗಿ ಕಾಯಿಸುತ್ತ, ಅದು ಎಷ್ಟು ನೇರಳಾತೀತ ಬೆಳಕು ಹೀರುತ್ತದೆ ಎಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿದರೆ ಅದು ಗೊತ್ತಾಗುತ್ತದೆ; ಎಳೆಗಳು ಬಿಚ್ಚಿಕೊಂಡಂತೆ ಹೀರುವ ಬೆಳಕು ಹೆಚ್ಚುತ್ತದೆ.

ಫೆಬ್ರವರಿಯಲ್ಲಿ ಅವಳ ಫಲಿತಾಂಶ ಚೆಂದವಿತ್ತು. ಬಣ್ಣವಿಲ್ಲದೆ 67 ಡಿಗ್ರಿ, ಬಣ್ಣ ಸೇರಿಸಿದರೆ 75. ಮಾರ್ಚಿನಲ್ಲಿ ಅದನ್ನೇ ಮತ್ತೆ ಮಾಡಿದಾಗ 69. ಮರುದಿನ 71, ಆಮೇಲೆ ಮತ್ತೆ 69. ಒಂದಕ್ಕೊಂದು ಹೊಂದುವ ಮೂರು ಅಳತೆಗಳಿಲ್ಲದೆ ಪ್ರಾಜೆಕ್ಟ್ ಒಪ್ಪುವ ಹಾಗಿಲ್ಲ. ಒಂದು ಸಂಶೋಧನಾ ಸಂಸ್ಥೆ ಅವಳನ್ನು ಪಿಎಚ್‌ಡಿಗೆ ತಾತ್ಕಾಲಿಕವಾಗಿ ಆರಿಸಿತ್ತು. ಸ್ವಂತ ಪ್ರಯೋಗದ ಫಲಿತಾಂಶ ತೋರಿಸಿದರೆ ಮಾತ್ರ ಆ ಸೀಟು ಖಾಯಂ.

ಆಗ ರಂಜಾನ್ ಶುರುವಾಗಿತ್ತು. ವಿಭಾಗದ ಮುಖ್ಯಸ್ಥರಾದ ಶೆಣೈ ಸರ್ ನನ್ನನ್ನು ಕರೆದು ಹೇಳಿದರು: “ನೋಡಿ ಮೇಡಂ, ಗಂಟಲಿಗೆ ನೀರು ಸಹ ಇಲ್ಲದೆ ಮೈಕ್ರೋಪಿಪೆಟ್ ಹಿಡಿದರೆ ಕೈ ಎಲ್ಲಿ ನಿಲ್ತದೆ? ಪಾಪದ ಹುಡುಗಿ. ಪ್ರಯೋಗ ಬಿಟ್ಟು ಒಂದು ರಿವ್ಯೂ ಬರೆಸಿ, ಪಾಸ್ ಆಗ್ತಾಳೆ.”

ರಿವ್ಯೂ ಎಂದರೆ ಬೇರೆಯವರ ಸಂಶೋಧನೆಗಳನ್ನು ಓದಿ ಬರೆಯುವುದು. ಪಾಸಾಗುತ್ತಾಳೆ, ಸೀಟು ಹೋಗುತ್ತದೆ.

ಅಫ್ರಾಳಿಗೆ ತಿಳಿಸಿದೆ. ಅವಳು ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿದಳು.

“ಮಿಸ್, ನಾನು ಸಣ್ಣ ಪ್ರಾಯದಿಂದ ಉಪವಾಸ ಹಿಡಿಯುವವಳು. ಕೈ ನಡುಗುವುದಾದರೆ ಸಂಜೆ ಸಮೋಸಕ್ಕೆ ನೀರುಳ್ಳಿ ಹೆಚ್ಚುವಾಗ ಬೆರಳೇ ಹೋಗಬೇಕಿತ್ತಲ್ಲ.”

“ಬೆರಳು ಉಂಟು ತಾನೇ?”

“ಹತ್ತೂ ಉಂಟು. ಒಮ್ಮೆ ನೀವೇ ಸುರುವಿನಿಂದ ಕೊನೆಯವರೆಗೆ ನಿಂತು ನೋಡಿ ಮಿಸ್. ಮತ್ತೆ ನೀವು ಹೇಳಿದ ಹಾಗೆ.”

ನಮ್ಮ ಕ್ರೈಸ್ತರಿಗೂ ಈಸ್ಟರಿಗೆ ಮೊದಲಿನ ತಪಸ್ಸುಕಾಲ ನಡೆಯುತ್ತಿತ್ತು. ಉಪವಾಸದ ಶುಕ್ರವಾರ ನನಗೆ ತಲೆನೋವು ಬರುತ್ತದೆ, ಆದರೆ ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ. ಆಗಲಿ ಎಂದೆ.

ಮೊದಲು ಅವಳ ಕೈಯನ್ನೇ ಪರೀಕ್ಷಿಸಿದೆವು. ಹನಿ ಅಳೆದು ಹಾಕುವ ಪಿಪೆಟ್ಟಿನಿಂದ ಹತ್ತು ಸಲ ನೀರು ಹಾಕಿಸಿ, ಪ್ರತಿ ಸಲ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಹತ್ತೂ ಹೆಚ್ಚುಕಮ್ಮಿ ಒಂದೇ. ಆ ದಿನ ಮಧ್ಯಾಹ್ನದ ಮೇಲೂ ಉಳಿದೆ. ಅವಳು ಮೆಥಿಲೀನ್ ಬ್ಲೂವನ್ನು ತೀರಾ ತೆಳುವಾಗಿ ಬೆರೆಸಿ, ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಶೀಷೆಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಬೆಳಗ್ಗೆ ತಲೆ ಚುರುಕಾಗಿರುವಾಗ ಬಂದವಳೇ ಅಳತೆ ಶುರುಮಾಡಬಹುದು, ಸಂಜೆ ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬಹುದು ಎಂಬುದು ರಂಜಾನ್ ಶುರುವಾದಂದಿನಿಂದ ಅವಳ ಲೆಕ್ಕ. ನಾಳೆಯ ಕಡಲೆ ಇವತ್ತೇ ನೆನೆಹಾಕುವ ನನಗೆ ಅದು ಜಾಣತನವೆಂದೇ ಕಂಡಿತು.

ಮರುದಿನ ನನ್ನ ಎದುರಲ್ಲೇ ಅಳೆದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಬಂದದ್ದು 70.

ಸಿಂಕಿನಲ್ಲಿದ್ದ ಖಾಲಿ ಶೀಷೆಗಳನ್ನು ನಾನೇ ತೊಳೆಯತೊಡಗಿದೆ. ಎರಡು ಸಲ ನೀರು ಹಾಕಿ ಚೆಲ್ಲಿದರೂ, ಬಿಳಿ ಟೈಲ್ಸಿನ ಎದುರು ಹಿಡಿದಾಗ ಶೀಷೆಯ ಒಳಗೋಡೆ ತುಸು ನೀಲಿಯಾಗಿಯೇ ಕಂಡಿತು.

“ಇದೆಂತ ಮಾರಾಯ್ತಿ, ಹೋಗುವುದೇ ಇಲ್ಲ?”

ಅಫ್ರಾ ಬಂದು ನೋಡಿದಳು. ಶೀಷೆಗೆ ಒಂದಿಷ್ಟು ಸ್ಪಿರಿಟ್ ಹಾಕಿ ಕುಲುಕಿದಳು. ಸ್ಪಿರಿಟ್ ನೀಲಿಯಾಯಿತು.

“ಮಿಸ್,” ಎಂದಳು ನಿಧಾನವಾಗಿ, “ಇದು ಡಿಎನ್‌ಎಗೆ ಸಿಗಬೇಕಾಗಿದ್ದ ಬಣ್ಣ.”

ಕಾರಣ ಕಠಿಣವೇನಲ್ಲ. ಮೆಥಿಲೀನ್ ಬ್ಲೂ ಅಣುವಿಗೆ ಧನ ವಿದ್ಯುದಂಶವಿದೆ. ಡಿಎನ್‌ಎಯ ಹೊರಮೈ ಋಣ, ಅದಕ್ಕೇ ಬಣ್ಣ ಅದರತ್ತ ಓಡುತ್ತದೆ. ಆದರೆ ಗಾಜಿನ ಮೈಯೂ ಋಣವೇ. ರಾತ್ರಿಯಿಡೀ ಗಾಜಿನಲ್ಲಿ ಕೂತ ತೆಳು ಬಣ್ಣ ಗೋಡೆಗೇ ಅಂಟಿಕೊಳ್ಳುತ್ತಿತ್ತು. ಅಫ್ರಾ ಒಂದು ಶೀಷೆಯಲ್ಲಿ ಉಳಿದಿದ್ದ ದ್ರಾವಣವನ್ನು ಆಗಲೇ ಅಳೆದಳು. ಹಾಕಿದ್ದ ಬಣ್ಣದಲ್ಲಿ ಅರ್ಧವೂ ಇರಲಿಲ್ಲ. ಫೆಬ್ರವರಿಯಲ್ಲಿ ಅವಳು ಬೆರೆಸಿದ ಕೂಡಲೇ ಅಳೆಯುತ್ತಿದ್ದಳು. ಬದಲಾದದ್ದು ಅದೊಂದೇ.

“ಬೆಳಗ್ಗೆಯೇ ಬೆರೆಸ್ತೇನೆ, ಪ್ಲಾಸ್ಟಿಕ್ ಟ್ಯೂಬಿನಲ್ಲಿ. ಡಿಎನ್‌ಎಗೆ ಸೇರಿಸುವ ಮೊದಲು ಬಣ್ಣ ಎಷ್ಟುಂಟು ಎಂದು ನೋಡ್ತೇನೆ,” ಎಂದಳು. “ನೀವು ಸ್ವಲ್ಪ ಬೇಗ ಲ್ಯಾಬ್ ತೆಗೆದರೆ ಆಯ್ತು. ಬೆಳಗಿನ ಜಾವದ ಊಟಕ್ಕೆ ಎದ್ದವಳಿಗೆ ಮತ್ತೆಂತ ನಿದ್ದೆ?”

ಮೊದಲನೆಯ ಬಸ್ಸಿಗೇ ಹೊರಟೆ. ಮನೆಯವರು ಮೂರು ದಿನ ಬ್ರೆಡ್ಡು ತಿಂದರು. ಅಳತೆಗಳು 75, 74.5, 75.

ಶೆಣೈ ಸರ್ ಮೂರು ಗ್ರಾಫುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಮಾರ್ಚಿನ ಕೆಟ್ಟ ರೀಡಿಂಗ್‌ಗಳನ್ನು ಬಿಸಾಡಬೇಡ,” ಎಂದರು ಅಫ್ರಾಳಿಗೆ. “ಗಾಜಿನಲ್ಲಿ ಎಷ್ಟು ಬಣ್ಣ ಹೋಗ್ತದೆ ಅಂತ ಅದಕ್ಕೇ ಒಂದು ಅಧ್ಯಾಯ ಬರೆ. ಮುಂದಿನ ಬ್ಯಾಚಿನವರು ನಿನಗೆ ಕೈ ಮುಗೀತಾರೆ.” ಗ್ರಾಫುಗಳನ್ನು ಮರಳಿಸುತ್ತ, “ರಂಜಾನಿನ ಸಮೋಸ ನಮಗೆ ಉಂಟಾ?” ಎಂದು ಕೇಳಿದರು.

ಸಂಶೋಧನಾ ಸಂಸ್ಥೆಯವರು ಸಂದರ್ಶನದಲ್ಲಿ ಬಹಳ ಹೊತ್ತು ಕೇಳಿದ್ದು ಆ ಅಧ್ಯಾಯದ ಬಗ್ಗೆಯೇ ಅಂತೆ. ಸೀಟು ಸಿಕ್ಕಿತು.

ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಇಷ್ಟು. ಲೆಕ್ಕ ತಪ್ಪಿದಾಗ ನಮ್ಮ ಕಣ್ಣು ಮೊದಲು ಮನುಷ್ಯರ ಮೇಲೆ ಹೋಗುತ್ತದೆ, ಅದರಲ್ಲೂ ನಮಗಿಂತ ಬೇರೆಯಾಗಿ ಕಾಣುವುದರ ಮೇಲೆ. ಉಪವಾಸ ಎಲ್ಲರಿಗೂ ಕಾಣುತ್ತಿತ್ತು, ಗಾಜು ಯಾರಿಗೂ ಕಾಣುತ್ತಿರಲಿಲ್ಲ. ಒಬ್ಬರ ಕೈಯ ಬಗ್ಗೆ ಸಂಶಯಪಡುವ ಮೊದಲು ಅವರ ಪಕ್ಕದಲ್ಲಿ ಒಂದು ದಿನ ಪೂರ್ತಿ ನಿಂತು ನೋಡಬೇಕು. ಹಾಗೆ ನಿಲ್ಲುವಂತೆ ನನ್ನನ್ನು ಕೇಳಿದವಳು ಅಫ್ರಾ.